ಶ್ರೇಷ್ಠ ಚಿತ್ರಗಳ ಸಾಲಿನಲ್ಲಿ ಆಟದ ಸಿನಿಮಾಗಳಿಗೆ ಜಾಗ ಉಂಟೇ?

ಪರ: ಸೋಲನ್ನು ಇಷ್ಟು ಹತ್ತಿರದಿಂದ ಬೇರೆ ಯಾರು ತೋರಿಸಿದ್ದಾರೆ?

ಈ ಬದಿಯನ್ನು ನನಗೆ ಕೊಟ್ಟಾಗ ಒಪ್ಪಿಕೊಂಡೆ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆಟದ ಸಿನಿಮಾ ಎಂದು ಬಂದದ್ದರಲ್ಲಿ ಹತ್ತಕ್ಕೆ ಒಂಬತ್ತು ಈ ಸಾಲಿಗೆ ಸೇರುವಂಥವಲ್ಲ. ‘ಲಗಾನ್’ (2001) ಅನ್ನು ಮೂರು ಸಲ ನೋಡಿದ್ದೇನೆ. ಒಂದು ಗಂಟೆಗೂ ಹೆಚ್ಚು ನಡೆಯುವ ಆ ಕೊನೆಯ ಪಂದ್ಯದಲ್ಲಿ ಮೂರೂ ಸಲ ಉಸಿರು ಬಿಗಿಹಿಡಿದು ಕೂತಿದ್ದೇನೆ. ಆದರೂ ಜಗತ್ತಿನ ದೊಡ್ಡ ಚಿತ್ರಗಳ ಪಕ್ಕ ಅದನ್ನು ಕೂರಿಸಲು ಮನಸ್ಸು ಬರುವುದಿಲ್ಲ. ನನ್ನ ವಾದವೆಲ್ಲ ಉಳಿದ ಆ ಒಂದರ ಪರವಾಗಿ.

‘ರೇಜಿಂಗ್ ಬುಲ್’ (1980) ಬಿಟ್ಟು ಈ ಚರ್ಚೆ ಶುರುವಾಗುವಂತೆಯೇ ಇಲ್ಲ. ಜೇಕ್ ಲಮೊಟ್ಟಾ ಎಂಬ ನಿಜವಾದ ಬಾಕ್ಸರನ ಕಥೆ, ಮಾರ್ಟಿನ್ ಸ್ಕೋರ್ಸೇಸಿ ನಿರ್ದೇಶನ, ಹೆಚ್ಚೂಕಡಿಮೆ ಪೂರ್ತಿ ಕಪ್ಪು-ಬಿಳುಪು. ಮುಪ್ಪಿನ ಜೇಕ್ ಆಗಲು ರಾಬರ್ಟ್ ಡಿ ನಿರೋ ಸುಮಾರು 27 ಕಿಲೊ ತೂಕ ಏರಿಸಿಕೊಂಡದ್ದನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕ್ಯಾಮೆರಾ. ಅದು ಪ್ರೇಕ್ಷಕರ ಜೊತೆ ಹೊರಗೆ ಕೂರದೆ ರಿಂಗ್‌ನ ಒಳಕ್ಕೇ ಇಳಿಯಿತು. ಜೇಕ್‌ನ ಮನಸ್ಸು ಹೇಗಿದೆಯೋ ಹಾಗೆ ರಿಂಗ್ ಒಮ್ಮೆ ಅಗಲವಾಗುತ್ತದೆ, ಒಮ್ಮೆ ಇಕ್ಕಟ್ಟಾಗುತ್ತದೆ. ಏಟಿನ ಸದ್ದಿನೊಳಗೆ ಪ್ರಾಣಿಗಳ ಕೂಗು ಬೆರೆಸಿದ್ದಾರೆ. ಶುಗರ್ ರೇ ರಾಬಿನ್ಸನ್ ಕೈಯಲ್ಲಿ ಜರ್ಜರಿತನಾದ ಮೇಲೆ ‘ನನ್ನನ್ನು ಬೀಳಿಸಲು ನಿನ್ನಿಂದ ಆಗಲಿಲ್ಲ’ ಎಂದು ಅವನಿಗೇ ಹೇಳುತ್ತಾನಲ್ಲ, ಆಮೇಲೆ ಕ್ಯಾಮೆರಾ ನಿಧಾನಕ್ಕೆ ಹಗ್ಗದ ಮೇಲೆ ಸರಿಯುತ್ತದೆ. ಹಗ್ಗದಿಂದ ರಕ್ತ ತೊಟ್ಟಿಕ್ಕುತ್ತಿರುತ್ತದೆ. ಆ ವರ್ಷದ ಉತ್ತಮ ಚಿತ್ರ ಆಸ್ಕರ್ ಇದಕ್ಕೆ ಸಿಗಲಿಲ್ಲ. ಆದರೆ 2007ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ತನ್ನ ದೇಶದ ನೂರು ಶ್ರೇಷ್ಠ ಚಿತ್ರಗಳನ್ನು ಪಟ್ಟಿ ಮಾಡಿದಾಗ ಇದನ್ನು ನಾಲ್ಕನೆಯ ಸ್ಥಾನದಲ್ಲಿಟ್ಟಿತು.

ನಾನು ಒತ್ತಿ ಹೇಳಬೇಕೆಂದಿರುವುದು ಸೋಲಿನ ಬಗ್ಗೆ. ಆಟದ ಸಿನಿಮಾ ಎಂದರೆ ಗೆಲುವಿನ ಕಥೆ ಎನ್ನುವುದು ತಪ್ಪು ಗ್ರಹಿಕೆ. ‘ರಾಕಿ’ (1976) ಕೊನೆಯಲ್ಲಿ ಸೋಲುತ್ತಾನೆ, ತೀರ್ಪುಗಾರರ ಒಡೆದ ತೀರ್ಪಿನಲ್ಲಿ. ನೋಡಿದವರಲ್ಲಿ ಎಷ್ಟೋ ಮಂದಿಗೆ ಇದು ಮರೆತೇಹೋಗಿದೆ. ‘ದಿ ಸೆಟ್-ಅಪ್’ (1949) ಕೇವಲ 72 ನಿಮಿಷದ ಚಿತ್ರ. ಕಥೆಯ ಗಡಿಯಾರವೂ ನಮ್ಮ ಗಡಿಯಾರವೂ ಒಟ್ಟೊಟ್ಟಿಗೆ ಓಡುತ್ತವೆ. ವಯಸ್ಸು ಮೀರುತ್ತಿರುವ ಬಾಕ್ಸರ್ ಒಬ್ಬ ಆ ಹೊತ್ತಿನೊಳಗೆ ಪಂದ್ಯವನ್ನು ಗೆಲ್ಲುತ್ತಾನೆ, ಅದಕ್ಕೇ ಕೈಯನ್ನು ಜಜ್ಜಿಸಿಕೊಳ್ಳುತ್ತಾನೆ. 1962ರ ‘ದಿ ಲೋನ್ಲಿನೆಸ್ ಆಫ್ ದಿ ಲಾಂಗ್ ಡಿಸ್ಟೆನ್ಸ್ ರನ್ನರ್’ನಲ್ಲಿ ಸುಧಾರಣಾಲಯದ ಹುಡುಗ ಎಲ್ಲರಿಗಿಂತ ಮುಂದಿದ್ದೂ ಗೆರೆಯ ಮುಂದೆ ನಿಂತುಬಿಡುತ್ತಾನೆ. ಹುಡುಗನ ಗೆಲುವನ್ನು ತನ್ನದೆಂದು ಹೇಳಿಕೊಳ್ಳಲು ಕಾದಿರುವ ಅಧಿಕಾರಿಯತ್ತ ನೋಡುತ್ತಾನೆ. ‘ಹೂಪ್ ಡ್ರೀಮ್ಸ್’ (1994) ಸಾಕ್ಷ್ಯಚಿತ್ರ; ಶಿಕಾಗೊದ ಇಬ್ಬರು ಹುಡುಗರ ಬ್ಯಾಸ್ಕೆಟ್‌ಬಾಲ್ ಕನಸನ್ನು ವರ್ಷಗಟ್ಟಲೆ ಹಿಂಬಾಲಿಸಿ ಹೋಗಿ, ಅದು ಎಲ್ಲೆಲ್ಲಿ ಸವೆಯಿತು ಎಂದು ತೋರಿಸುತ್ತದೆ.

ಆಟದಲ್ಲಿ ಸೋಲು ಮುಚ್ಚಿಡಲಾಗದ ಸಂಗತಿ. ಅಂಕ ಹಲಗೆಯ ಮೇಲಿರುತ್ತದೆ, ಎಲ್ಲರೂ ನೋಡುತ್ತಿರುತ್ತಾರೆ. ಮನುಷ್ಯ ಸೋತು ನಿಂತ ಆ ಹೊತ್ತನ್ನು ಹಿಡಿಯಲು ಸಿನಿಮಾಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕದು. ಸೂತ್ರ ಹಿಡಿದು ಮಾಡಿದ ಚಿತ್ರಗಳೂ ರಾಶಿ ಇವೆ, ಅವುಗಳನ್ನು ನಾನು ಸಮರ್ಥಿಸುತ್ತಿಲ್ಲ. ಐದಾರು ಚಿತ್ರಗಳಾದರೂ ಒಳಗೆ ಬರಲಿ ಎನ್ನುವಷ್ಟೇ ನನ್ನ ಬೇಡಿಕೆ.

ವಿರೋಧ: ಪಕ್ಕದ ಲೇನಿನವಳು ಯಾರು?

ಕಾಲೇಜು ದಿನಗಳಲ್ಲಿ ನಾನು 800 ಮೀಟರ್ ಓಡುತ್ತಿದ್ದವಳು. ಆಟದ ಸಿನಿಮಾಗಳ ಮೇಲೆ ನನಗಿರುವ ತಕರಾರು ಹುಟ್ಟಿದ್ದು ಟ್ರ್ಯಾಕ್‌ನಲ್ಲಿ.

ದೊಡ್ಡ ಸಿನಿಮಾ ನೋಡುವಾಗ ತೆರೆಯ ಮೇಲೆ ಅರೆಗಳಿಗೆ ಬಂದುಹೋಗುವವರಿಗೂ ಒಂದು ಬದುಕಿದೆ ಅನ್ನಿಸುತ್ತದೆ. ಆಟದ ಸಿನಿಮಾಕ್ಕೆ ಅದು ಕೈಲಾಗುವುದಿಲ್ಲ. ಅದಕ್ಕೆ ನಾವು ಹಚ್ಚಿಕೊಳ್ಳಲು ಒಬ್ಬ ಬೇಕು, ಅವನನ್ನು ತಡೆಯಲು ಇನ್ನೊಬ್ಬ ಬೇಕು. ತಡೆಯುವವನಿಗೆ ತಾಯಿಯಿಲ್ಲ, ನಿದ್ದೆ ಬಾರದ ರಾತ್ರಿಯಿಲ್ಲ, ಬೆಳಗಿನ ಜಾವದ ಅಭ್ಯಾಸವಿಲ್ಲ. ಅವನು ಗೋಡೆ, ಅಷ್ಟೇ. ‘ಲಗಾನ್’ನ ಇಂಗ್ಲಿಷ್ ನಾಯಕನನ್ನು ನೆನಪಿಸಿಕೊಳ್ಳಿ. ‘ರಾಕಿ’ ಸರಣಿಯ ನಾಲ್ಕನೆಯ ಚಿತ್ರದಲ್ಲಿ (1985) ಬರುವ ಆ ರಷ್ಯದ ಬಾಕ್ಸರನನ್ನು ನೆನಪಿಸಿಕೊಳ್ಳಿ, ಯಂತ್ರಗಳ ನಡುವೆ ಯಂತ್ರದಂತೆ ನಿಂತವನು. ಉತ್ತಮ ಚಿತ್ರ ಆಸ್ಕರ್ ಪಡೆದ ‘ಮಿಲಿಯನ್ ಡಾಲರ್ ಬೇಬಿ’ಯಲ್ಲೂ (2004) ಕಥೆಯನ್ನೇ ತಿರುಗಿಸುವ ಏಟು ಬೀಳುವುದು ಗಂಟೆ ಬಾರಿಸಿದ ಮೇಲೆ, ಕೆಟ್ಟವಳೆಂದು ಮೊದಲೇ ಹಣೆಪಟ್ಟಿ ಹಚ್ಚಿದ ಹೆಂಗಸಿನಿಂದ. ಆ ಏಟಿನ ನಂತರ ಅವಳೇನಾದಳು ಎಂದು ಚಿತ್ರಕ್ಕೆ ಕುತೂಹಲವೇ ಇಲ್ಲ.

‘ಚಾರಿಯಟ್ಸ್ ಆಫ್ ಫೈರ್’ (1981) ನೋಡಿದವರಿಗೆ ಎರಿಕ್ ಲಿಡಲ್ ಗೊತ್ತು. ಭಾನುವಾರ ಓಡುವುದಿಲ್ಲ ಎಂದು 100 ಮೀಟರ್ ಬಿಟ್ಟು, 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಗೆದ್ದ ಓಟಗಾರ. ಹಡಗು ಹತ್ತುವಾಗ ಆ ವೇಳಾಪಟ್ಟಿ ತಿಳಿದು ಅವನು ತಲ್ಲಣಿಸುವಂತೆ ಚಿತ್ರದಲ್ಲಿದೆ. ನಿಜದಲ್ಲಿ ಅವನಿಗೆ ಅದು ತಿಂಗಳುಗಳ ಮೊದಲೇ ಗೊತ್ತಿತ್ತು, 400ಕ್ಕೆ ತಯಾರಿಯನ್ನೂ ಮಾಡಿಕೊಂಡಿದ್ದ. ಇಂಥ ಬದಲಾವಣೆಯನ್ನು ಬೇಕಾದರೆ ಒಪ್ಪೋಣ. ಆದರೆ ಅದೇ 400ರಲ್ಲಿ ಹೊರೇಶಿಯೊ ಫಿಚ್ ಎಂಬವನು ಸೆಮಿಫೈನಲ್‌ನಲ್ಲಿ ಒಲಿಂಪಿಕ್ ದಾಖಲೆ ಮಾಡಿ, ಫೈನಲ್‌ನಲ್ಲಿ ಲಿಡಲ್ ಹಿಂದೆ ಎರಡನೆಯವನಾದ. ಆ ಚಿತ್ರದ ಸಂಗೀತವನ್ನು ಇವತ್ತಿಗೂ ಗುನುಗುವವರಲ್ಲಿ ಫಿಚ್ ಹೆಸರು ಹೇಳಬಲ್ಲವರು ಎಷ್ಟು ಮಂದಿ?

ನಾನು ಓಡಿದ ಅಂತರ ಕಾಲೇಜು ಫೈನಲ್ಲೊಂದರ ಬಗ್ಗೆ ಹೇಳುತ್ತೇನೆ. 800ರಲ್ಲಿ ಮೊದಲ ತಿರುವು ಮುಗಿಯುವತನಕ ಅವರವರ ಲೇನು, ಆಮೇಲೆ ಎಲ್ಲರೂ ಒಳಗಿನ ಲೇನಿಗೆ ನುಗ್ಗುತ್ತಾರೆ. ಆ ನುಗ್ಗಾಟದಲ್ಲಿ ಮೊಣಕೈ, ಭುಜ, ಪಕ್ಕದವಳ ಉಸಿರು ಎಲ್ಲ ಒಂದೇ ಆಗುತ್ತದೆ. ನನ್ನ ಪಕ್ಕದ ಲೇನಿನವಳ ಸ್ಪೈಕ್, ಅಂದರೆ ಓಟದ ಬೂಟಿನಡಿಯ ಮೊಳೆ, ನನ್ನ ಮೀನಖಂಡಕ್ಕೆ ತಾಗಿತು. ಮುಗ್ಗರಿಸಿದೆ. ಸಾವರಿಸಿಕೊಳ್ಳುವಷ್ಟರಲ್ಲಿ ಆರೇಳು ಹೆಜ್ಜೆ ಹಿಂದೆ ಬಿದ್ದಿದ್ದೆ. ಕೊನೆಗೆ ನಾಲ್ಕನೆಯವಳಾದೆ, ಅವಳು ಮೂರನೆಯವಳು. ಬೇಕಂತಲೇ ಮಾಡಿದ್ದಾಳೆ ಎಂದು ನನ್ನ ಮನಸ್ಸು ಅದಾಗಲೇ ತೀರ್ಪು ಕೊಟ್ಟಾಗಿತ್ತು. ಅಷ್ಟು ಹೊತ್ತಿಗೆ ನೋಡಿದ ಸಿನಿಮಾಗಳೆಲ್ಲ ಹಾಗೆ ಯೋಚಿಸಲು ನನಗೆ ಕಲಿಸಿದ್ದವು.

ಬಟ್ಟೆ ಬದಲಿಸುವ ಕೋಣೆಯ ಹೊರಗೆ ಅವಳು ಒಬ್ಬಳೇ ಕೂತಿದ್ದಳು. ಎದೆಯ ಮೇಲಿನ ನಂಬರ್ ಬಿಚ್ಚುತ್ತಿದ್ದಳು. ನಾಲ್ಕು ಪಿನ್ನುಗಳನ್ನು ಒಂದೊಂದಾಗಿ ತೆಗೆದು, ಬಾಗಿದ್ದ ಒಂದನ್ನು ಹಲ್ಲಿನಿಂದ ನೇರ ಮಾಡಿ, ಪುಟ್ಟ ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿದಳು. ಅವಳ ಪಾದದ ಮೇಲೂ ಸ್ಪೈಕ್ ಚುಚ್ಚಿದ ಎರಡು ತೂತುಗಳಿದ್ದವು; ಹಿಂದಿನವಳು ತುಳಿದದ್ದು. ಅದಕ್ಕೇ ಅವಳು ನನ್ನ ಮೇಲೆ ಬಂದಿದ್ದಳು. ಜಗಳಕ್ಕೆಂದು ಹೋದವಳು ನಾನು. ‘ಅಕ್ಕಾ, ತುಂಬ ಪೆಟ್ಟಾಯ್ತಾ?’ ಎಂದು ಅವಳೇ ಮೊದಲು ಕೇಳಿದಳು. ನನಗೆ ಮಾತು ಬರಲಿಲ್ಲ. ಪದಕ ಸಿಕ್ಕಿದ ಖುಷಿ ಅವಳ ಮುಖದಲ್ಲಿರಲಿಲ್ಲ. ಎರಡು ಗಂಟೆಯಲ್ಲಿ ಅವಳಿಗೆ ರಿಲೇ ಇತ್ತು.

ಆ ಹುಡುಗಿಯನ್ನು ನಾನು ಯಾವ ಆಟದ ಸಿನಿಮಾದಲ್ಲೂ ಕಂಡಿಲ್ಲ. ನನ್ನ ಕಥೆಯನ್ನು ಸಿನಿಮಾ ಮಾಡಿದ್ದರೆ ಅವಳು ಖಳನಾಯಕಿ. ಅವಳ ಕಥೆಯನ್ನು ಮಾಡಿದ್ದರೆ ನಾನು ಹಿನ್ನೆಲೆಯಲ್ಲಿ ಮುಗ್ಗರಿಸುವ ಒಂದು ಆಕಾರ.

‘ಪರ’ ಬರೆದವರು ಸೋಲನ್ನು ಮತ್ತೆ ಮತ್ತೆ ಹೇಳಿದ್ದಾರೆ. ಸೋತವರೂ ನಾಯಕರೇ ಆಗಿರಬೇಕು ಅವರಿಗೆ! ಗೆರೆಯ ಮುಂದೆ ನಿಂತ ಆ ಹುಡುಗನ ಬಗ್ಗೆ ಬರೆದರಲ್ಲ, ಅವನನ್ನು ದಾಟಿ ಹೋದ ಹುಡುಗ ಯಾರು? ಅವನಿಗೂ ಎದೆ ಉರಿಯುತ್ತಿರಲಿಲ್ಲವೇ? ‘ರೇಜಿಂಗ್ ಬುಲ್’ ಬಗ್ಗೆ ನನ್ನ ಜಗಳವಿಲ್ಲ. ಅದು ಹೊಟ್ಟೆಕಿಚ್ಚಿನ ಗಂಡನೊಬ್ಬನ ಕಥೆ, ಅವನ ಕಸುಬು ಬಾಕ್ಸಿಂಗ್ ಆಗಿತ್ತು. ಅದನ್ನು ಆಟದ ಸಿನಿಮಾದ ಲೆಕ್ಕಕ್ಕೆ ಹಿಡಿಯುವುದು ಸರಿಯಲ್ಲ.

ಒಂದೇ ಒಂದು ಚಿತ್ರಕ್ಕೆ ನಾನು ಬಾಗಿಲು ತೆರೆಯುತ್ತೇನೆ. 1964ರ ಟೋಕಿಯೊ ಒಲಿಂಪಿಕ್ಸ್ ಕುರಿತು ಕೋನ್ ಇಚಿಕಾವಾ ಮಾಡಿದ ‘ಟೋಕಿಯೊ ಒಲಿಂಪಿಯಾಡ್’ (1965). ಸಂಘಟಕರು ಬಯಸಿದ್ದು ಕ್ರೀಡಾಕೂಟದ ಒಂದು ನೇರ ದಾಖಲೆಯನ್ನು. ಕೈಗೆ ಬಂದದ್ದು ಅವರಿಗೆ ಹಿಡಿಸಲಿಲ್ಲ. ಮ್ಯಾರಥಾನ್‌ನಲ್ಲಿ ಮುಂದೆ ಓಡುವ ಅಬೆಬೆ ಬಿಕಿಲನ ಮುಖವನ್ನು ಅದು ಎಷ್ಟು ಹೊತ್ತು ನೋಡುತ್ತದೋ, ಹಿಂದೆ ಕುಸಿದು ಕೂತವರನ್ನೂ ಹಾಗೆಯೇ ನೋಡುತ್ತದೆ. ನೀರಿನ ಮೇಜಿನ ಬಳಿ ನಿಂತು ಸಾವಕಾಶವಾಗಿ ಕುಡಿಯುವವರೂ ಅದರಲ್ಲಿದ್ದಾರೆ. ನಡುವೆ ಅದು ಚಾಡ್ ದೇಶದ ಒಬ್ಬ ಓಟಗಾರನನ್ನು ಹುಡುಕಿಕೊಂಡು ಹೋಗುತ್ತದೆ. ಹೆಸರು ಅಹಮದ್ ಈಸಾ. ಅವನ ದೇಶಕ್ಕೆ ಸ್ವಾತಂತ್ರ್ಯ ಬಂದು ಆಗ ನಾಲ್ಕೇ ವರ್ಷ. ಅವನು ಓಡಿದ್ದು 800 ಮೀಟರ್, ಸೆಮಿಫೈನಲ್ ದಾಟಲಿಲ್ಲ. ಕ್ರೀಡಾಗ್ರಾಮದ ಊಟದ ಮನೆಯಲ್ಲಿ, ತನ್ನ ಭಾಷೆಯವರು ಯಾರೂ ಇಲ್ಲದ ಗದ್ದಲದ ನಡುವೆ, ಅವನು ಒಬ್ಬನೇ ಕೂತು ಉಣ್ಣುತ್ತಾನೆ. ಕ್ಯಾಮೆರಾ ಅವಸರ ಮಾಡದೆ ಅವನ ಹತ್ತಿರವೇ ಇರುತ್ತದೆ.