ತಗ್ಗಿಗೊಂದು ವಿಮೆ

ಸಂಜೆ ಆರರೊಳಗೆ ಹೌದೋ ಅಲ್ಲವೋ ಹೇಳಬೇಕಂತೆ. ಕಾರಿನ ಇನ್ಶೂರೆನ್ಸ್ ಈ ರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆ. ರಿನ್ಯೂವಲ್ ಲೆಕ್ಕ ವಾಟ್ಸಾಪಿಗೆ ಬಂದಿದೆ. ಅದರ ಕೊನೆಯ ಸಾಲಿನಲ್ಲಿ ‘ಟೈರ್ ಮತ್ತು ರಿಮ್ ಕವರ್’ ಅಂತ ಬರೆದು, ಪಕ್ಕದಲ್ಲಿ ಒಂದು ಖಾಲಿ ಚೌಕ ಬಿಟ್ಟಿದ್ದಾರೆ. ಅದಕ್ಕೆ ಟಿಕ್ ಹಾಕಬೇಕೋ ಬೇಡವೋ? ಏಜೆಂಟ್ ಹುಡುಗ ಒಳ್ಳೆಯವನು, ಒತ್ತಾಯ ಮಾಡುವವನಲ್ಲ. “ಹಾಕ್ಸಿಬಿಡ್ರಿ ಸರ್, ನಮ್ಮ ವಿಜಯಪುರದ ಕಡೆ ರೋಡ್ ಹೆಂಗದಾವ ನಿಮಗ ಗೊತ್ತೈತಲ್ರಿ” ಅಂದ, ಅಷ್ಟೇ. ನನಗೆ ಸಿಟ್ಟು ಬಂದದ್ದು ಆ ಮಾತಿಗೇ. ಗೊತ್ತಿದೆ ಮಾರಾಯ. ಗೊತ್ತಿದ್ದದ್ದಕ್ಕೆ ದಂಡ ಯಾಕೆ ಕಟ್ಟಲಿ?

ಕಾರು ಕೊಂಡಾಗ ಜೀವಮಾನದ ತೆರಿಗೆ ಅಂತ ನೂರಕ್ಕೆ 14 ಕಟ್ಟಿದ್ದೇನೆ. ಅದರ ಮೇಲೆ ಸೆಸ್ಸು. ಸೊಲ್ಲಾಪುರಕ್ಕೆ ಹೋದರೆ ಟೋಲು, ಹುಬ್ಬಳ್ಳಿಗೆ ಹೋದರೂ ಟೋಲು. ಇಷ್ಟು ಕೊಟ್ಟು ಕೊಂಡ ರಸ್ತೆಯಿಂದ ನನ್ನ ಟೈರನ್ನು ಕಾಪಾಡಿಕೊಳ್ಳಲು ಈಗ ಇನ್ನೊಂದು ಪ್ರೀಮಿಯಂ. ಪ್ರೀಮಿಯಂ ಮೇಲೆ ಮತ್ತೆ ನೂರಕ್ಕೆ 18 ಜಿಎಸ್‌ಟಿ. ತಗ್ಗು ಬಿಟ್ಟವರು ಯಾರೂ ಯಾವ ಕಾಗದಕ್ಕೂ ಸಹಿ ಹಾಕುವ ಹಾಗಿಲ್ಲ. ಬಿದ್ದವನು ಮಾತ್ರ ವರ್ಷಕ್ಕೊಮ್ಮೆ ಸಹಿ ಹಾಕಬೇಕು.

ಹಾಗಂತ ಬೇಡ ಅನ್ನುವುದಕ್ಕೂ ಧೈರ್ಯ ಸಾಲದು. ಹೋದ ಮಳೆಗಾಲದಲ್ಲಿ ತಿಕೋಟಾ ದಾಟಿ ಹೋಗುತ್ತಿದ್ದೆ. ಎದುರಿಗೆ ನೀರು ನಿಂತಿತ್ತು. ತೆಳ್ಳಗೆ ನಿಂತ ನೀರು ಅಂತ ಕಂಡಿತು. ಒಳಗೆ ಒಂದು ಗೇಣು ತಗ್ಗಿತ್ತು. ಮನೆಗೆ ಬಂದು ನೋಡಿದರೆ ಎಡಗಡೆಯ ಟೈರಿನ ಪಕ್ಕೆ ಬಾತುಕೊಂಡಿದೆ. ಆ ಟೈರಿನ ಮೇಲೆ ಇನ್ನು ಓಡಿಸುವ ಹಾಗಿಲ್ಲ, ರಿಪೇರಿಯೂ ಇಲ್ಲ, ಹೊಸದೇ ಬೇಕು. ಇದೇ ಹುಡುಗನಿಗೆ ಫೋನ್ ಮಾಡಿದೆ. “ಬರೇ ಟೈರ್ ಹೋದ್ರ ಬರಂಗಿಲ್ರಿ ಸರ್. ಜೋಡಿ ಗಾಡಿಗೂ ಏನರ ಬಡದಿದ್ರ ಅರ್ಧಾ ರೊಕ್ಕ ಬರ್ತಿತ್ತು” ಅಂದ. ಅವನ ದನಿಯಲ್ಲಿ ನಿಜವಾದ ಮರುಕವಿತ್ತು. ಆಮೇಲೆ ಪಾಲಿಸಿ ತೆಗೆದು ನೋಡಿದೆ. ಹಾಗೇ ಬರೆದಿದೆ. ಟೈರು ಮತ್ತು ಟ್ಯೂಬಿಗೆ ಪರಿಹಾರ ಇಲ್ಲ. ಅದೇ ಹೊತ್ತಿಗೆ ವಾಹನಕ್ಕೂ ಪೆಟ್ಟಾಗಿದ್ದರೆ ಹೊಸ ಟೈರಿನ ಬೆಲೆಯಲ್ಲಿ ನೂರಕ್ಕೆ 50. ಅಂದರೆ ತಗ್ಗಿಗೆ ಬೀಳುವವನು ನಾಜೂಕಾಗಿ ಬಿದ್ದರೆ ನಷ್ಟ. ಪಕ್ಕದ ಕಲ್ಲಿಗೆ ಬಂಪರನ್ನೂ ಒಂಚೂರು ತಾಗಿಸಿಕೊಳ್ಳಬೇಕು.

ಈ ತೊಂದರೆಗೇ ಬಂದ ಔಷಧ ಈ ಟೈರ್ ಕವರ್. ಆದರೆ ಅದರ ಸಣ್ಣಕ್ಷರ ಓದಿದರೆ ಔಷಧಕ್ಕೂ ಪಥ್ಯ ಜಾಸ್ತಿ. ಪಂಚರ್ ಆದರೆ ಇಲ್ಲ. ಸವೆದರೆ ಇಲ್ಲ. ಕದ್ದುಕೊಂಡು ಹೋದರೆ ಇಲ್ಲ. ಒಡೆದರೆ, ಹರಿದರೆ, ಬಾತರೆ ಉಂಟು, ಆದರೆ ಟೈರಿನ ಹಲ್ಲು ಎಷ್ಟು ಉಳಿದಿದೆ ಅಂತ ಅಳೆದು ಅಷ್ಟಕ್ಕೇ ತಕ್ಕ ರೊಕ್ಕ. ಹೊಸ ಟೈರಿನ ಹಲ್ಲು ಸುಮಾರು 8 ಮಿಲಿಮೀಟರ್ ಆಳ. 1.6ಕ್ಕೆ ಬಂದರೆ ಆ ಟೈರು ರಸ್ತೆಗೇ ಲಾಯಕ್ಕಿಲ್ಲ. ಅದರ ಮೇಲೆ ನೋ ಕ್ಲೇಮ್ ಬೋನಸ್ ಎಂಬ ಇನ್ನೊಂದು ತಕರಾರು. ಐದು ವರ್ಷ ಏನೂ ಕೇಳದೆ ಕುಳಿತವನಿಗೆ ನೂರಕ್ಕೆ 50 ರಿಯಾಯಿತಿ. ಒಂದು ಟೈರಿಗಾಗಿ ಅದನ್ನು ಯಾರು ಕಳೆದುಕೊಳ್ಳುತ್ತಾರೆ? ಕವರ್ ಕೊಂಡವನೂ ಕೊನೆಗೆ ಸ್ವಂತ ಖರ್ಚಿನಲ್ಲೇ ಟೈರು ಹಾಕಿಸಿಕೊಂಡು ಸುಮ್ನಿರುತ್ತಾನೆ. ಕಂಪನಿಯವರಿಗೆ ಇದು ಗೊತ್ತಿಲ್ಲ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನು ಹಂಪುಗಳು. ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು ಅಂತ ರಸ್ತೆಯ ಅಳತೆ-ನಿಯಮ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ಯಾವತ್ತೋ ಬರೆದಿಟ್ಟಿದೆ. ನಮ್ಮ ಹಳ್ಳಿಗಳ ಹಂಪಿಗೆ ಅಗಲವೇ ಇಲ್ಲ, ಬರೀ ಎತ್ತರ. ಬಣ್ಣವಿಲ್ಲ, ಬೋರ್ಡಿಲ್ಲ. ರಾತ್ರಿ ಬೆಳಗಾಗುವುದರೊಳಗೆ ಹುಟ್ಟಿರುತ್ತವೆ. ಕೆಲವರ ಮನೆಯ ಮುಂದೆ ಸ್ವಂತ ಹಂಪು ಇದೆ, ಹಿಂದೆ ಸ್ವಂತ ಬಾವಿ ಇರುತ್ತಿತ್ತಲ್ಲ, ಹಾಗೆ. ಹೇಳಲು ಹೋದರೆ ಜಗಳ.

ತಲೆ ಕಾದಿತು. ತಲೆ ಕಾದಾಗ ಈ ಊರಿನವರು ಗೋಳಗುಮ್ಮಟದ ತೋಟಕ್ಕೆ ಹೋಗುತ್ತಾರೆ. ನಾನು ಶೆರ್ಜಾ ಬುರುಜಿಗೆ ಹೋಗುತ್ತೇನೆ. ಅಲ್ಲಿ ಮಲಿಕ್-ಎ-ಮೈದಾನ ಎಂಬ ತೋಪು, ಅಂದರೆ ಹಳೆಯ ಫಿರಂಗಿ, ಬಾಯಿ ತೆರೆದುಕೊಂಡು ಮಲಗಿದೆ. ಮೇ ತಿಂಗಳ ಬಿಸಿಲಲ್ಲೂ ಮುಟ್ಟಿದರೆ ತಣ್ಣಗೆ ಅನ್ನುತ್ತಾರೆ. ತಟ್ಟಿದರೆ ಗಂಟೆಯ ಸದ್ದು. ಆದರೆ ಈ ಸಲ ನಾನು ನೋಡಿದ್ದು ತೋಪನ್ನಲ್ಲ. ಇದನ್ನು ಇಲ್ಲಿಗೆ ತಂದ ಗಾಲಿಗಳು ಏನಾದವು ಅಂತ ಯೋಚನೆ ಹತ್ತಿತು.

ಇದನ್ನು ಎರಕ ಹೊಯ್ದದ್ದು 1549ರಲ್ಲಿ, ಅಹ್ಮದ್‌ನಗರದಲ್ಲಿ. ತೂಕ ಸುಮಾರು 55 ಟನ್. ನನ್ನ ಕಾರಿನಂಥವು ಐವತ್ತು ಸೇರಿಸಿದರೂ ತಕ್ಕಡಿ ಮೇಲೇಳಲಿಕ್ಕಿಲ್ಲ. 1632ರಲ್ಲಿ, ಮುಹಮ್ಮದ್ ಆದಿಲ್ ಷಾನ ಕಾಲದಲ್ಲಿ, ಪರಾಂಡಾ ಕೋಟೆಯಿಂದ ಇಲ್ಲಿಗೆ ಎಳೆದು ತಂದರು. 10 ಆನೆ, 400 ಎತ್ತು, ನೂರಾರು ಆಳು ಅಂತ ಹೇಳುತ್ತಾರೆ. ದಾರಿ ನೂರೈವತ್ತು ಕಿಲೋಮೀಟರಿಗೆ ಮಿಕ್ಕಿ. ನಡುವೆ ಭೀಮಾ ನದಿ.

400 ಎತ್ತು ಅಂದರೆ 200 ಜೋಡಿ. ಒಂದರ ಹಿಂದೊಂದು ಹೂಡಿದರೆ, ಜೋಡಿಗೆ ಮೂರು ಮೀಟರ್ ಅಂದರೂ ಸಾಲು 600 ಮೀಟರ್ ಆಯಿತು. ಹಿಂದಿನವನು “ನಿಲ್ಲಸೋ, ಗಾಲಿ ಸಿಕ್ಕೈತಿ” ಅಂತ ಕೂಗಿದ್ದು ಮುಂದಿನವನಿಗೆ ಮುಟ್ಟುವ ಹೊತ್ತಿಗೆ ಗಾಲಿ ಉಳಿದಿರುತ್ತದೆಯೇ? ಮತ್ತೆ ಮೇವು. 400 ಎತ್ತು ರಾತ್ರಿ ತಂಗಿದ ಊರಿನಲ್ಲಿ ಬೆಳಿಗ್ಗೆ ಒಂದು ಕಣಿಕೆ ಕಡ್ಡಿ ಉಳಿಯಲಿಕ್ಕಿಲ್ಲ. ತೋಪು ಬರುತ್ತಿದೆ ಅಂತ ಸುದ್ದಿ ಹಬ್ಬಿದ ಕೂಡಲೇ ಜಾಣ ಗೌಡ ಬಣವೆ ಮುಚ್ಚಿಟ್ಟಿರುತ್ತಾನೆ. ಆನೆಗಳ ಲೆಕ್ಕ ಬೇರೆ. ಅವು ಕಬ್ಬು ಕೇಳಿದರೆ ಕೊಡುವವರು ಯಾರು?

ಬೇಸಿಗೆಯಲ್ಲೇ ಹೊರಟಿರಬೇಕು. ಎರಿ ಭೂಮಿಯಲ್ಲಿ ಹುಟ್ಟಿ ಬೆಳೆದ ಯಾರೂ ಮಳೆಯಲ್ಲಿ ಇದಕ್ಕೆ ಕೈ ಹಾಕಲಾರರು. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಇವತ್ತಿಗೂ ಅದರ ಮೇಲೆ ಹಾಸಿದ ಡಾಂಬರು ಅದರ ಜೊತೆಗೇ ಏಳುತ್ತದೆ, ಅದರ ಜೊತೆಗೇ ಕೂರುತ್ತದೆ. ಕೆಳಗೆ ಗರಸು ಹಾಕಿ, ಗಟ್ಟಿ ಮಾಡಿ, ನೀರು ಹರಿದುಹೋಗಲು ಗಟಾರ ಬಿಟ್ಟರೆ ರಸ್ತೆ ನಿಲ್ಲುತ್ತದೆ. ಇದು ಎಲ್ಲ ಗುತ್ತಿಗೆದಾರರಿಗೂ ಗೊತ್ತಿರುವ ಮಾತು. ಗೊತ್ತಿದ್ದೂ ಮಾಡದ ಕೆಲಸಕ್ಕೆ ಮಣ್ಣಿನ ಹೆಸರು ಹೇಳುತ್ತಾರೆ ಅಷ್ಟೇ. ಮಣ್ಣು ತಿರುಗಿ ಮಾತಾಡುವುದಿಲ್ಲ ನೋಡಿ.

ಇನ್ನೂ ಒಂದು ಮಾತು. ದಾರಿಯಲ್ಲಿ ಯಾವನೋ ರೈತನ ಎತ್ತು ನೊಗದಡಿ ಕಾಲು ಮುರಿದುಕೊಂಡಿರುತ್ತದೆ. ಅವನಿಗೆ ಏನು ಸಿಕ್ಕಿತು? ತೋಪಿಗೆ ‘ರಣರಂಗದ ಒಡೆಯ’ ಅಂತ ಹೆಸರು ಸಿಕ್ಕಿತು, ಬಾದಶಹನಿಗೆ ಕೀರ್ತಿ. ಎತ್ತಿನವನು ಬರಿಗೈಯಲ್ಲಿ ನಡೆದುಕೊಂಡು ಊರಿಗೆ ಹೋಗಿರಬೇಕು. ನಾನಾಗಿದ್ದರೆ ಬುರುಜಿನ ಕೆಳಗೆ ನಿಂತು ಎರಡು ಮಾತು ಬೈದೇ ಹೋಗುತ್ತಿದ್ದೆ.

1854ರಲ್ಲಿ ಬ್ರಿಟಿಷರು ಇದೇ ತೋಪನ್ನು ಹರಾಜಿಗಿಟ್ಟರು. ಕೂಗಿನಲ್ಲಿ ಬಂದ ಹೆಚ್ಚಿನ ಬೆಲೆ 150 ರೂಪಾಯಿ. ಆ ಬೆಲೆಗೆ ಕೊಡಲು ಮನಸ್ಸಾಗದೆ ಹರಾಜು ರದ್ದಾಯಿತು. ನನ್ನ ಕಾರಿನ ಬೆಲೆಯನ್ನು ವಿಮೆಯವರು ವರ್ಷ ವರ್ಷ ಇಳಿಸಿ, ಐದು ವರ್ಷಕ್ಕೆ ಅರ್ಧ ಮಾಡಿದಾಗ ನನಗೆ ಹೊಟ್ಟೆ ಉರಿದಿತ್ತು. 55 ಟನ್ ಕಂಚಿಗೆ 150 ರೂಪಾಯಿ ಹೇಳಿದವನನ್ನು ನೆನೆದರೆ ನಮ್ಮ ವಿಮೆಯವನು ದೇವರಂಥವನು.

ಟೈರಿನ ವಿಷಯ ಎಲ್ಲೋ ಹೋಯಿತು. ಮನೆಗೆ ಬಂದು ಹೆಂಡತಿಯ ಮುಂದೆ ಎರಡೂ ಕಡೆಯ ವಾದ ಮಂಡಿಸಿದೆ. ಅವಳು ಶೇಂಗಾ ಹುರಿಯುತ್ತಿದ್ದಳು. ತಿರುಗಿಯೂ ನೋಡದೆ, “ಇಷ್ಟು ವಿಚಾರ ಮಾಡೂದು ಬಿಟ್ಟು ಪಂಚರ್ ಅಂಗಡ್ಯಾಂವಗ ಒಮ್ಮೆ ಟೈರ್ ತೋರಸ್ರಿ” ಅಂದಳು.

ಪಂಚರ್ ಅಂಗಡಿಯ ಮಿಸ್ತ್ರಿ ಕಾರಿನ ಸುತ್ತ ಒಂದು ಸುತ್ತು ಬಂದ. ಹೆಬ್ಬೆರಳಿನಿಂದ ಟೈರಿನ ಹಲ್ಲು ಸವರಿದ. ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದಿ, ಯಾವ ವರ್ಷದ ಎಷ್ಟನೇ ವಾರ ಹುಟ್ಟಿದ ಟೈರು ಅಂತ ಹೇಳಿದ. “ಹಿಂದಿನವು ಛಲೋ ಅದಾವ್ರಿ. ಮುಂದಿನವು ಒಳಗಿನ ಅಂಚು ತಿಂದಾವ. ಅಲೈನ್‌ಮೆಂಟ್ ಬಿಟ್ಟೈತಿ.” ಹಾಗೆ ತಿಂದ ಟೈರಿಗೆ ಯಾವ ಕವರೂ ಬರುವುದಿಲ್ಲ ಅಂತ ನನಗೆ ಆಗಲೇ ಸಣ್ಣಕ್ಷರದಿಂದ ಗೊತ್ತಿತ್ತು. ಆದರೂ ಕೇಳಿದೆ, ಟೈರಿಗೆ ವಿಮೆ ಮಾಡಿಸೋದು ಚಲೋನೋ ಹೆಂಗೆ?

“ವಿಮಾ ಗಿಮಾ ನನಗ ಗೊತ್ತಿಲ್ರಿ ಸಾಹೇಬ್ರ. ನಾಕೂ ಗಾಲ್ಯಾಗ ಹವಾ ಕಮ್ಮಿ ಐತಿ. ಹವಾ ಕಮ್ಮಿ ಇದ್ರ ತಗ್ಗಿಗೆ ಬಿದ್ದಾಗ ರಿಮ್ಮು ಟೈರಿನ ಪಕ್ಕಿ ಕಡೀತೈತಿ. ಮದ್ಲ ಹವಾ ತುಂಬಸ್ರಿ.”

ಸರಿ, ತುಂಬಪ್ಪಾ ಅಂದೆ. ಇಡೀ ದಿನದಲ್ಲಿ ಯಾರೋ ಒಬ್ಬರು ಏನನ್ನೂ ಮಾರದೆ ಮಾತಾಡಿದ್ದು ಇದೇ ಮೊದಲು ಅನ್ನಿಸಿತು. ಅವನು ಪೈಪು ಹಿಡಿದು ಕುಕ್ಕರಗಾಲಲ್ಲಿ ಕೂತವನು ತಲೆ ಎತ್ತಿ ಕೇಳಿದ: “ಸಾದಾ ಹವಾ ಹಾಕ್ಲೋ, ನೈಟ್ರೋಜನ್ ಹಾಕ್ಲೋ?”

ಸಾದಾ ಹವೆಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇರುತ್ತದಪ್ಪಾ, ಉಳಿದ 22ಕ್ಕೆ ಎಷ್ಟು ರೊಕ್ಕ ಅಂತ ಕೇಳಿದೆ.

“ಗಾಲಿಗೆ ನಲವತ್ರಿ” ಅಂದ.