ಹನ್ನೆರಡು ರೈಲ್ವೆಗಳ ಬಣ್ಣ ಬೇಡ, ಒಂದೇ ರೈಲ್ವೆಯ ಹನ್ನೆರಡು ನಂಬರ್ ಕೊಡಿ

ಅಮೆರಿಕದ 1950ರ ದಶಕದ ರೈಲ್ವೆಯನ್ನು ಎಚ್‌ಒ ಸ್ಕೇಲ್‌ನಲ್ಲಿ, ಅಂದರೆ 1:87 ಅಳತೆಯ ಮಾಡೆಲ್ ಆಗಿ, ಕಟ್ಟುವವರಿಗೆಲ್ಲ ಈ ಸಂಕಟ ಗೊತ್ತು. ಮಾಡೆಲ್ ಕಂಪನಿ ಹೊಸ ಪಟ್ಟಿ ಬಿಡುತ್ತದೆ. ತೆಗೆದು ನೋಡಿದರೆ ಮತ್ತದೇ 40 ಅಡಿಯ ಪಿಎಸ್-1 ಬಾಕ್ಸ್‌ಕಾರ್ (ಮುಚ್ಚಿದ ಗೂಡ್ಸ್ ವ್ಯಾಗನ್), ಹನ್ನೆರಡು ರೈಲ್ವೆಗಳ ಬಣ್ಣದಲ್ಲಿ, ಒಂದೊಂದಕ್ಕೆ ಎರಡೇ ನಂಬರ್, ಅಂದರೆ ವ್ಯಾಗನ್ ಮೇಲೆ ಬರೆಯುವ ಅದರ ಗುರುತಿನ ಸಂಖ್ಯೆ. ಜೊತೆಗೆ ಮೈತುಂಬ ಜಾಹೀರಾತು ಬರೆದ ಹಳದಿ ರೀಫರ್ (ಶೀತಲ ವ್ಯಾಗನ್). ಕಲ್ಲಿದ್ದಲು ಸಾಗಿಸುವ ತೆರೆದ ವ್ಯಾಗನ್ ಆದ ಹಾಪರ್ ಇರುವುದೇ ಇಲ್ಲ, ಇದ್ದರೂ ಮೂರು ನಂಬರಿಗೆ ಮುಗಿದುಹೋಗುತ್ತದೆ.

ಪಿಎಸ್-1 ಬಗ್ಗೆ ತಕರಾರಿಲ್ಲ. ಪುಲ್‌ಮನ್-ಸ್ಟ್ಯಾಂಡರ್ಡ್ ಎಂಬ ವ್ಯಾಗನ್ ಕಂಪನಿ 1947ರಿಂದ ಅದನ್ನು ಕಟ್ಟತೊಡಗಿ, ಒಟ್ಟು ಒಂದು ಲಕ್ಷಕ್ಕೂ ಮೀರಿ ಹಳಿಗಿಳಿಸಿತು. ಅದಿಲ್ಲದ ಗೂಡ್ಸ್ ರೈಲು 1955ರದ್ದು ಅನ್ನಿಸುವುದಿಲ್ಲ. ಅದೊಂದೇ ಇರುವ ರೈಲೂ ಅನ್ನಿಸುವುದಿಲ್ಲ. ಆ ಕಾಲದ ಯಾವುದೇ ಗೂಡ್ಸ್ ರೈಲಿನ ಫೋಟೋದಲ್ಲಿ ಛಾವಣಿಗಳ ಸಾಲನ್ನು ಗಮನಿಸಿ, ಏರಿಳಿತ ಎದ್ದು ಕಾಣುತ್ತದೆ. ಪೆನ್ಸಿಲ್ವೇನಿಯಾ ರೈಲ್‌ರೋಡ್ 1924ರಿಂದ ಕಟ್ಟಿದ ಎಕ್ಸ್29 ಬಾಕ್ಸ್‌ಕಾರಿನ ಒಳ ಎತ್ತರ ಸುಮಾರು 8 ಅಡಿ 7 ಇಂಚು. ಅಮೆರಿಕನ್ ರೈಲ್ವೆಗಳ ಸಂಘ ಎಎಆರ್‌ನ 1937ರ ಮಾದರಿಯದು 10 ಅಡಿ. ಪಿಎಸ್-1ದು ಸಾಮಾನ್ಯವಾಗಿ 10 ಅಡಿ 6 ಇಂಚು. ಎಕ್ಸ್29ಕ್ಕೂ ಪಿಎಸ್-1ಗೂ 23 ಇಂಚು ಅಂತರ, ಎಚ್‌ಒದಲ್ಲಿ 6.7 ಮಿಲಿಮೀಟರ್. ಮೂರಡಿ ದೂರದಿಂದಲೂ ಇದು ಕಣ್ಣಿಗೆ ಬೀಳುತ್ತದೆ. ಬಣ್ಣ ಎಷ್ಟೇ ಬದಲಾಯಿಸಿ, ಒಂದೇ ಅಚ್ಚಿನ ಇಪ್ಪತ್ತು ಬಾಕ್ಸ್‌ಕಾರ್ ನಿಲ್ಲಿಸಿದರೆ ಛಾವಣಿ ಸ್ಕೇಲಿಟ್ಟು ಗೆರೆ ಎಳೆದಂತೆ ಕಾಣುತ್ತದೆ.

ಇನ್ನೊಂದು ಕಿರಿಕಿರಿ, ದೇಹ ಒಂದು ರೈಲ್ವೆಯದು, ಬಣ್ಣ ಇನ್ನೊಂದರದು. ಪಿಎಸ್-1 ಅಂದರೂ ಎಲ್ಲವೂ ಒಂದೇ ಅಲ್ಲ. 6, 7, 8 ಅಡಿಯ ಬಾಗಿಲುಗಳಿದ್ದವು. ಯಂಗ್ಸ್‌ಟೌನ್ ಕಂಪನಿಯ ಬಾಗಿಲು ಬೇರೆ, ಸುಪೀರಿಯರ್ ಕಂಪನಿಯ ಬಾಗಿಲು ಬೇರೆ. ಕೈಬ್ರೇಕಿನ ಚಕ್ರ ಅಜಾಕ್ಸ್ ಇರಬಹುದು, ಮೈನರ್ ಇರಬಹುದು. ಛಾವಣಿಯ ಮೇಲೆ ನಡೆಯುವ ಹಲಗೆ ಏಪೆಕ್ಸ್ ಇರಬಹುದು, ಮಾರ್ಟನ್ ಇರಬಹುದು. ಯಾವ ನಂಬರ್ ಸರಣಿಗೆ ಏನಿತ್ತೆಂದು ಫೋಟೋಗಳಲ್ಲಿ ಸ್ಪಷ್ಟವಾಗಿದೆ. ಆದರೂ ಒಂದೇ 6 ಅಡಿಯ ಯಂಗ್ಸ್‌ಟೌನ್ ಬಾಗಿಲನ್ನು ಎಲ್ಲ ರೈಲ್ವೆಗೂ ಅಂಟಿಸಿ ಕಳಿಸುತ್ತಾರೆ.

ಜಾಹೀರಾತಿನ ರೀಫರ್‌ಗಳದು ಇದಕ್ಕಿಂತ ಕಷ್ಟ. ರೈಲ್ವೆಗಳನ್ನು ನಿಯಂತ್ರಿಸುತ್ತಿದ್ದ ಸರ್ಕಾರಿ ಸಂಸ್ಥೆ ಇಂಟರ್‌ಸ್ಟೇಟ್ ಕಾಮರ್ಸ್ ಕಮಿಷನ್ 1934ರಲ್ಲಿ ಅಂಥ ಜಾಹೀರಾತುಗಳಿಗೆ ತಡೆ ಹಾಕಿತು, 1937ರ ಹೊತ್ತಿಗೆ ಅವು ಹಳಿಯಿಂದ ಮರೆಯಾದವು. ಆದ್ದರಿಂದ 1950ರ ದಶಕದ ರೈಲಿಗೆ ಅವು ಸೇರುವುದೇ ಇಲ್ಲ. 1920ರ ದಶಕ ಕಟ್ಟುವವರಿಗಾದರೂ ಆಗುತ್ತದೆಯೇ ಎಂದು ತಿರುಗಿಸಿ ನೋಡಿದರೆ, ಅಡಿಯಲ್ಲಿ ಸಿಲಿಂಡರ್, ರಿಸರ್ವಾಯರ್, ವಾಲ್ವ್ ಮೂರೂ ಬೇರೆಬೇರೆ ಇರುವ ಎಬಿ ಬ್ರೇಕ್. ಅದು ಬಂದದ್ದೇ 1933ರ ಸುಮಾರಿಗೆ. ಅದಕ್ಕೂ ಹಿಂದಿನ ಬಾಕ್ಸ್‌ಕಾರ್, ರೀಫರ್‌ಗಳಲ್ಲಿ ಇರುತ್ತಿದ್ದುದು ಮೂರೂ ಒಂದೇ ಗಂಟಾಗಿರುವ ಕೆ ಬ್ರೇಕ್. ಅಂದರೆ ಆ ಮಾಡೆಲ್ 1920ರ ದಶಕಕ್ಕೂ ಸರಿಹೊಂದುವುದಿಲ್ಲ, 1950ರ ದಶಕಕ್ಕೂ ಸರಿಹೊಂದುವುದಿಲ್ಲ.

ಕಂಪನಿಯ ಲೆಕ್ಕ ಅರ್ಥವಾಗುತ್ತದೆ. ಉಕ್ಕಿನ ಅಚ್ಚಿಗೆ ದೊಡ್ಡ ಹಣ ಸುರಿಯಬೇಕು, ಬಣ್ಣ ಬದಲಾಯಿಸುವ ಖರ್ಚು ಅದರ ಮುಂದೆ ಏನೂ ಅಲ್ಲ. ಹಾಗಾಗಿ ಒಂದೇ ಅಚ್ಚನ್ನು ಸಿಕ್ಕಷ್ಟು ರೈಲ್ವೆಗಳ ಹೆಸರಲ್ಲಿ ಹಂಚುತ್ತಾರೆ. ಆದರೆ ಈ ಲೆಕ್ಕದಲ್ಲಿ ಒಂದು ತಪ್ಪಿದೆ. ಅಂದದ ಬಣ್ಣದ ಬಾಕ್ಸ್‌ಕಾರ್ ಮೆಚ್ಚಿದವನು ಕೊಳ್ಳುವುದು ಒಂದು. ಹಾಪರ್ ಬೇಕಾದವನಿಗೆ ಬೇಕಿರುವುದು ಹನ್ನೆರಡೋ ಇಪ್ಪತ್ತೋ, ಯಾಕೆಂದರೆ ಕಲ್ಲಿದ್ದಲು ಗಣಿಯಿಂದ ಹೊರಡುವುದು ಹಾಪರ್‌ಗಳ ಸಾಲಾಗಿಯೇ. ಎರಡು ನಂಬರ್ ಮಾತ್ರ ಕೊಟ್ಟರೆ ಅವನು ಎರಡಕ್ಕೇ ನಿಲ್ಲುತ್ತಾನೆ. ಅಚ್ಚು ಮಾಡಿಸುವಾಗಲೇ ತುದಿ, ಬಾಗಿಲು, ಛಾವಣಿಗೆ ಬೇರೆ ತುಂಡುಗಳನ್ನು ಮಾಡಿಸಿದರೆ ಒಂದು ದೇಹದಿಂದ ಹಲವು ಸರಿಯಾದ ಬಾಕ್ಸ್‌ಕಾರ್‌ಗಳೂ ಹೊರಡುತ್ತವೆ.

ಸದ್ಯಕ್ಕೆ ಉಳಿದಿರುವ ದಾರಿ ನಂಬರನ್ನು ನಾವೇ ಬದಲಾಯಿಸುವುದು. ಮೊದಲು ಆ ವರ್ಷದ ಆಫೀಶಿಯಲ್ ರೈಲ್ವೇ ಈಕ್ವಿಪ್‌ಮೆಂಟ್ ರಿಜಿಸ್ಟರ್ ತೆರೆಯಿರಿ. ಅದರಲ್ಲಿ ರೈಲ್ವೆಯ ಪ್ರತಿ ನಂಬರ್ ಸರಣಿಗೂ ಅಳತೆ, ಸಂಖ್ಯೆ ಕೊಟ್ಟಿರುತ್ತಾರೆ. ಅದೇ ಸರಣಿಯೊಳಗಿನ ನಂಬರನ್ನೇ ಆರಿಸಿ, ಕೊನೆಯ ಎರಡು ಅಂಕಿ ಬದಲಾದರೆ ಸಾಕು. ಅಂಕಿಯ ಮೇಲಷ್ಟೇ ಸಣ್ಣ ಬ್ರಷ್‌ನಲ್ಲಿ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಅಚ್ಚಿನ ಹಾಳೆ) ಮೆತ್ತಗಾಗಿಸುವ ಕಡಕ್ ದ್ರಾವಣ ಹಚ್ಚಿ, ಕೆಲವು ನಿಮಿಷ ಬಿಡಿ. ತುದಿ ಚಪ್ಪಟೆ ಮಾಡಿದ ಮರದ ಟೂತ್‌ಪಿಕ್‌ನಿಂದ ಹಗುರವಾಗಿ ಉಜ್ಜಿದರೆ ಪ್ರಿಂಟ್ ಎದ್ದುಬರುತ್ತದೆ. ಐಸೊಪ್ರೊಪಿಲ್ ಆಲ್ಕೊಹಾಲ್‌ನಿಂದಲೂ ಆಗುತ್ತದೆ, ಆದರೆ ಕೆಲವು ಬಣ್ಣ ಅದಕ್ಕೆ ಕರಗಿ ಕೆಳಗಿನ ಪ್ಲಾಸ್ಟಿಕ್ ಕಾಣಿಸುತ್ತದೆ. ಕಾಣದ ಕಡೆ ಮೊದಲು ಪರೀಕ್ಷಿಸಿ.

ಹೊಸ ಅಂಕಿಯ ಡೆಕಾಲ್ ಅಂಟಿಸುವ ಮೊದಲು ಉಜ್ಜಿದ ಜಾಗಕ್ಕೆ ಹೊಳಪಿನ (ಗ್ಲಾಸ್) ಕೋಟ್ ಬೇಕೇ ಬೇಕು. ಮ್ಯಾಟ್ ಮೇಲ್ಮೈ ಒರಟು, ಅದರ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡು ಡೆಕಾಲ್ ಅಂಚು ಬೆಳ್ಳಿಯಂತೆ ಹೊಳೆಯುತ್ತದೆ. ಹಾಗೆ ಹೊಳೆದ ಕಡೆ ಸೂಜಿಯಿಂದ ಚುಚ್ಚಿ ಮತ್ತೆ ದ್ರಾವಣ ಬಿಡಿ. ಒಣಗಿದ ಮೇಲೆ ಹೊಳಪಿಲ್ಲದ ಫ್ಲಾಟ್ ಕೋಟನ್ನು ತೇಪೆಗಷ್ಟೇ ಹೊಡೆಯಬೇಡಿ, ಇಡೀ ಪಕ್ಕಕ್ಕೆ ಹೊಡೆಯಿರಿ, ಇಲ್ಲದಿದ್ದರೆ ಓರೆ ಬೆಳಕಿಗೆ ಆ ಚೌಕ ಎದ್ದು ಕಾಣುತ್ತದೆ. ನಂಬರ್ ಇರುವುದು ಎರಡು ಪಕ್ಕದಲ್ಲಷ್ಟೇ ಅಲ್ಲ, ಎರಡು ತುದಿಯಲ್ಲೂ. ನಾಲ್ಕೂ ಕಡೆ ಬದಲಾಗಬೇಕು, ತುದಿಯದು ಬಹಳ ಜನಕ್ಕೆ ಮರೆತುಹೋಗುತ್ತದೆ. ಹಾಗೆಯೇ 'ನ್ಯೂ 3-47' (ಹೊಸದಾಗಿ ತೂಗಿದ್ದು 1947ರ ಮಾರ್ಚ್‌ನಲ್ಲಿ) ಎಂದು ಬರೆದ ಕಾರು 1955ರಲ್ಲಿ ಓಡುತ್ತಿದ್ದರೆ, 'ನ್ಯೂ' ಬದಲು ಮರುತೂಕ ಮಾಡಿದ ವರ್ಕ್‌ಶಾಪಿನ ಸಂಕೇತ, ಹೊಸ ತಿಂಗಳು-ವರ್ಷ ಬರಬೇಕು.

ಒಂದು ಹಾಪರ್‌ಗೆ ಇದು ಸರಿ. ಇಪ್ಪತ್ತಕ್ಕೆ ಎಂಬತ್ತು ಕಡೆ ಈ ಕೆಲಸ. ಕಾರ್ಖಾನೆಯಲ್ಲಾದರೆ ಇದು ಒಂದು ಪ್ರಿಂಟಿಂಗ್ ಪ್ಲೇಟಿನ ಬದಲಾವಣೆ.

ಹಾಪರ್ ಮಾಡಿದಾಗಲೂ ತೂಕದ ಕಡೆ ಗಮನ ಕೊಡುವುದಿಲ್ಲ. ಅಮೆರಿಕದ ಮಾಡೆಲ್ ರೈಲ್ವೆ ಸಂಘ ಎನ್‌ಎಂಆರ್‌ಎ ಶಿಫಾರಸಿನಂತೆ ಎಚ್‌ಒದಲ್ಲಿ 1 ಔನ್ಸ್, ಅದರ ಮೇಲೆ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್. ನಾಲ್ಕೂವರೆ ಇಂಚಿನ ಹಾಪರ್‌ಗೆ 3.25 ಔನ್ಸ್, ಅಂದರೆ ಸುಮಾರು 92 ಗ್ರಾಂ ಬೇಕು. ಬಾಕ್ಸ್‌ಕಾರಿನಲ್ಲಿ ತೂಕವನ್ನು ಒಳಗೆ ಅಡಗಿಸಬಹುದು, ಖಾಲಿ ಹಾಪರ್‌ನಲ್ಲಿ ಎಲ್ಲಿ ಅಡಗಿಸುವುದು? ಹಗುರ ಹಾಪರ್‌ಗಳು ಉದ್ದ ರೈಲಿನ ಮುಂಭಾಗದಲ್ಲಿದ್ದರೆ ತಿರುವಿನಲ್ಲಿ ಹಿಂದಿನ ಎಳೆತಕ್ಕೆ ಒಳಗಡೆ ವಾಲಿ ಹಳಿ ತಪ್ಪುತ್ತವೆ. ಅಡಿಗಟ್ಟನ್ನು ಎರಕದ ಲೋಹದಲ್ಲಿ ಮಾಡಿ, ಲೋಹದ ಚಕ್ರ ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಕಂಪನಿಗೆ ಬರೆಯುವವರು "ಹಾಪರ್ ಮಾಡಿ" ಎಂದಷ್ಟೇ ಬರೆದು ಬಿಡಬೇಡಿ. ಯಾವ ರೈಲ್ವೆ, ಯಾವ ನಂಬರ್ ಸರಣಿ, ಯಾವ ವರ್ಷದ ಬಣ್ಣ, ನೀವು ಎಷ್ಟು ಕೊಳ್ಳುತ್ತೀರಿ, ಎಲ್ಲವನ್ನೂ ಬರೆಯಿರಿ. ಜೊತೆಗೆ ಆ ಸರಣಿಯ ಪಕ್ಕದ ಫೋಟೋ ಒಂದು, ತುದಿಯ ಫೋಟೋ ಒಂದು ಕಳಿಸಿ. ಮುಂಗಡ ಬುಕಿಂಗ್ ತೆರೆದಾಗ ಅಚ್ಚಿನ ಮಾದರಿಯ ಇವೇ ಎರಡು ಫೋಟೋ ಕೇಳಿ, ಅವು ಬರುವವರೆಗೆ ದುಡ್ಡು ಕಟ್ಟಬೇಡಿ.