ಸತ್ಯಾಂಶ: ಹವಾಯಿಯ ‘ನಾಲ್ಕು ವಾಕ್ಯಗಳ ಮಂತ್ರ’ ಪ್ರಾಚೀನವೇ?

‘ಬೇಸರವಾಗಿದೆ, ಕ್ಷಮಿಸು, ಧನ್ಯವಾದ, ನಿನ್ನನ್ನು ಪ್ರೀತಿಸುತ್ತೇನೆ’ ಎಂದು ಒಬ್ಬರೇ ಕುಳಿತು ಜಪಿಸಿದರೆ ಎಂಥ ಕಾಯಿಲೆಯೂ ವಾಸಿಯಾಗುತ್ತದೆ, ಇದು ಹವಾಯಿಯ ಪ್ರಾಚೀನ ‘ಹೊಓಪೊನೊಪೊನೊ’ ಮಂತ್ರ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ.

ಹೊಓಪೊನೊಪೊನೊ ಇರುವುದು ನಿಜ. ಆದರೆ ಅದು ಜಪವಲ್ಲ. ಮನೆಮಂದಿಯೆಲ್ಲ ಕುಳಿತು ಮನಸ್ತಾಪ ಬಗೆಹರಿಸಿಕೊಳ್ಳುವ ಕ್ರಮ. ನಡೆಸುವವರು ಕುಟುಂಬದ ಹಿರಿಯರು ಅಥವಾ ಎಲ್ಲರೂ ಗೌರವಿಸುವ ಒಬ್ಬರು. ಮೊದಲು ಪ್ರಾರ್ಥನೆ. ಬಳಿಕ ತಕರಾರನ್ನು ಪದರ ಪದರವಾಗಿ ಬಿಡಿಸುತ್ತಾರೆ. ಮಾತೆಲ್ಲ ಹಿರಿಯರ ಮೂಲಕವೇ ಸಾಗಬೇಕು, ಎದುರಿಗಿರುವವರ ಮೇಲೆ ಹರಿಹಾಯುವಂತಿಲ್ಲ. ಸಿಟ್ಟು ಏರಿತೋ, ಎಲ್ಲರೂ ಸ್ವಲ್ಪ ಹೊತ್ತು ಮೌನ. (ನಮ್ಮ ಆಸ್ತಿ ಪಂಚಾಯಿತಿಗಳಿಗೂ ಈ ನಿಯಮ ಬೇಕಿತ್ತು!) ತಪ್ಪೊಪ್ಪಿಗೆ, ಕ್ಷಮೆ, ಕೊನೆಗೆ ಒಟ್ಟಿಗೆ ಊಟ. ‘ಲಿಮು ಕಲಾ’ ಎಂಬ ಕಡಲಪಾಚಿಯನ್ನೂ ಈ ವಿಧಿಯಲ್ಲಿ ಬಳಸುತ್ತಿದ್ದರು. ಬಿಡಿಸದೆ ಉಳಿದ ವೈಮನಸ್ಯ ದೇಹಕ್ಕೂ ರೋಗ ತರುತ್ತದೆ ಎಂಬುದು ಅವರ ನಂಬಿಕೆ. ಹವಾಯಿಯ ವಿದ್ವಾಂಸೆ ಮೇರಿ ಕಾವೇನಾ ಪುಕುಯಿ ಇದನ್ನೆಲ್ಲ ವಿವರವಾಗಿ ದಾಖಲಿಸಿದ್ದಾರೆ.

ಒಬ್ಬರೇ ಮಾಡಬಹುದಾದ ರೂಪ ಕೊಟ್ಟವರು 1970ರ ದಶಕದಲ್ಲಿ ಹವಾಯಿಯ ಸಾಂಪ್ರದಾಯಿಕ ಚಿಕಿತ್ಸಕಿ ಮೊರ್ನಾ ಸಿಮಿಯೋನಾ. ನಾಲ್ಕು ವಾಕ್ಯಗಳು ಜಗತ್ತಿಗೆಲ್ಲ ಹಬ್ಬಿದ್ದು 2007ರ ಒಂದು ಇಂಗ್ಲಿಷ್ ಪುಸ್ತಕದಿಂದ. ಚಿಕಿತ್ಸಕರೊಬ್ಬರು ರೋಗಿಗಳನ್ನು ನೋಡದೆಯೇ ಆಸ್ಪತ್ರೆಯ ಇಡೀ ವಾರ್ಡನ್ನು ಗುಣಪಡಿಸಿದರು ಎಂದು ಆ ಪುಸ್ತಕ ಹೇಳುವ ಕಥೆಗೆ ವೈದ್ಯಕೀಯ ಪುರಾವೆಯಿಲ್ಲ.

ಜಪದಿಂದ ಮನಸ್ಸಿಗೆ ಹಿತವೆನಿಸಿದರೆ ಮಾಡಿ, ತೊಂದರೆಯಿಲ್ಲ. ಬಿಪಿ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ.